ಎಡಕ್ಕೋ, ಬಲಕ್ಕೋ, ಇಪ್ಪತ್ತಕ್ಕೋ

ಕೊಪ್ಪ ಬಿಟ್ಟು ಶೃಂಗೇರಿ ಕಡೆ ಹೊರಟವರು ಡಾಂಬರು ರಸ್ತೆಯಿಂದ ಮಣ್ಣುರಸ್ತೆಗಿಳಿದು ಅರ್ಧ ಗಂಟೆಯಾಗಿತ್ತು. ಹೆಂಡತಿಯ ಸೋದರತ್ತೆಯ ಮೊಮ್ಮಗಳ ಮದುವೆ. ಮನೆಯಂಗಳದಲ್ಲೇ ಚಪ್ಪರ, ಮುಹೂರ್ತ 11.20ಕ್ಕೆ. ಕಾರು ನನ್ನ ಕೈಯಲ್ಲಿ, ಫೋನು ಅವಳ ಕೈಯಲ್ಲಿ. ಗುಡ್ಡ ಇಳಿದು ತಿರುಗುತ್ತಿದ್ದಂತೆ ದಾರಿ ಎರಡಾಯಿತು.

"ಎಡಕ್ಕಾ, ಬಲಕ್ಕಾ?" ಎಂದೆ.

"ಬ್ಯಾಟರಿ ಇಪ್ಪತ್ತು ಪರ್ಸೆಂಟ್ ಇದೆಯಂತೆ."

"ಅದಲ್ಲ ಮಾರಾಯ್ತಿ, ಎಡಕ್ಕಾ ಬಲಕ್ಕಾ?"

"ಚಾರ್ಜರ್‌ಗೆ ಹಾಕ್ಬೇಕಂತೆ."

ಬ್ರೇಕು ಹಾಕಿ ಇಣುಕಿದೆ. ಮ್ಯಾಪಿನಲ್ಲಿ ದಾರಿ ಕವಲೊಡೆಯುವ ಜಾಗದ ಮೇಲೆ ಸರಿಯಾಗಿ ಒಂದು ಬಿಳಿ ಚೌಕ ಬಂದು ಕೂತಿತ್ತು. ಪಂಕ್ತಿಯಲ್ಲಿ ಸಾರು ಬರುವ ಹೊತ್ತಿಗೆ ಎಲೆಯ ಮುಂದೆ ಅಡ್ಡ ನಿಂತು ಕ್ಷೇಮಸಮಾಚಾರ ಕೇಳುವ ನೆಂಟನ ಹಾಗೆ. ಅದನ್ನು ಓಡಿಸುವ ಆತುರದಲ್ಲಿ ಅವಳ ಬೆರಳು ಇನ್ನೆಲ್ಲಿಗೋ ತಗುಲಿ ಮ್ಯಾಪೇ ಮುಚ್ಚಿಕೊಂಡಿತು. ಮತ್ತೆ ತೆರೆದರೆ ನೆಟ್‌ವರ್ಕ್ ಇಲ್ಲ. ಬೂದುಬಣ್ಣದ ಬಯಲಿನ ನಡುವೆ ನಾವಿಬ್ಬರೂ ಒಂದು ನೀಲಿ ಚುಕ್ಕೆಯಾಗಿ ನಿಂತಿದ್ದೆವು. ಕಾರಿನಲ್ಲಿ ಚಾರ್ಜ್ ಮಾಡುವ ವಯರನ್ನು ಮಗಳು ಹಿಂದಿನ ವಾರವಷ್ಟೇ ಮೈಸೂರಿನ ಹಾಸ್ಟೆಲ್ಲಿಗೆ ಒಯ್ದಿದ್ದಳು.

ಈ ಎಚ್ಚರಿಕೆಯ ಜೊತೆ ನನ್ನ ಜಗಳ ಅವತ್ತು ಶುರುವಾದದ್ದಲ್ಲ. ಇಪ್ಪತ್ತಕ್ಕೆ ಒಂದು ಸಲ ಬರುತ್ತದೆ, ಹತ್ತಕ್ಕೆ ಮತ್ತೊಂದು ಸಲ, ಐದಕ್ಕೆ ಇಳಿದರೆ ಪ್ರಾಣ ಹೋಗುವವರ ತಲೆದೆಸೆಯಲ್ಲಿ ಕೂತವರ ದನಿಯಲ್ಲಿ. ಮೂಲೆಯಲ್ಲಿ ಬ್ಯಾಟರಿಯ ಚಿತ್ರವಿದೆ, ಅದರ ಪಕ್ಕ ಅಂಕಿಯಿದೆ, ಅಂಕಿ ಕೆಂಪಗೂ ಆಗಿದೆ. ನನಗೂ ಕಣ್ಣಿದೆ. ಆದರೂ ಅದು ಪರದೆ ಬೆಳಗಿಸಿ, ಗುರ್ರೆಂದು ಮೈ ನಡುಗಿಸಿ, ಟಿಣ್ ಎಂದು ದನಿ ತೆಗೆದು ಹೇಳಬೇಕು. ಬೆಳಗುವುದಕ್ಕೂ ನಡುಗುವುದಕ್ಕೂ ದನಿ ತೆಗೆಯುವುದಕ್ಕೂ ಖರ್ಚಾಗುವುದು ಅದೇ ಬ್ಯಾಟರಿ! ಕೈಯಲ್ಲಿ ಕಾಸಿಲ್ಲ ಎಂದು ತಿಳಿಸಲು ಆಟೋ ಮಾಡಿಕೊಂಡು ಬಂದು, ಬಾಡಿಗೆ ನೀವೇ ಕೊಡಿ ಎನ್ನುವ ಸೋದರಮಾವನನ್ನು ಕಂಡಿದ್ದೀರಲ್ಲ, ಅದೇ ವಂಶ.

ಇದನ್ನು ಬಾಯಿ ಮುಚ್ಚಿಸುವ ಗುಂಡಿ ಎಲ್ಲಾದರೂ ಇದ್ದೀತೆಂದು ಒಂದು ಭಾನುವಾರವಿಡೀ ಸೆಟ್ಟಿಂಗ್ಸ್ ತಡಕಾಡಿದ್ದೆ. ಅಕ್ಷರ ದೊಡ್ಡದು ಮಾಡಬಹುದು, ಪರದೆ ಕಪ್ಪು ಮಾಡಬಹುದು, ಯಾರು ಫೋನು ಮಾಡಿದರೂ ಬುಲ್‌ಬುಲ್ ಹಕ್ಕಿ ಕೂಗುವಂತೆ ಮಾಡಬಹುದು. ಇದೊಂದನ್ನು ನಿಲ್ಲಿಸಲು ಮಾತ್ರ ನನ್ನ ಕೈಯಲ್ಲಾಗಲಿಲ್ಲ. ಮಗಳಿಗೆ ಫೋನು ಮಾಡಿದೆ. "ಅದನ್ನ ಆಫ್ ಮಾಡೋಕೆ ಯಾಕಪ್ಪಾ ಒದ್ದಾಡ್ತೀರ, ರಾತ್ರಿ ಚಾರ್ಜ್‌ಗೆ ಹಾಕಿ ಮಲ್ಕೊಳ್ಳಿ ಅಷ್ಟೇ" ಎಂದಳು. ಹುಡುಕಾಟ ಮುಗಿಯುವಷ್ಟರಲ್ಲಿ ಬ್ಯಾಟರಿ ಇಪ್ಪತ್ತಕ್ಕೆ ಬಂದಿತ್ತು. ಅದನ್ನೂ ಅದೇ ತಿಳಿಸಿತು.

ಅಸಲಿಗೆ ಈ ಇಪ್ಪತ್ತು ಎಂಬುದೇ ಅಂದಾಜು. ಡಬ್ಬಿಗೆ ಕಡ್ಡಿ ಅದ್ದಿ ಸೀಮೆಎಣ್ಣೆ ಎಷ್ಟಿದೆ ಎಂದು ನೋಡುತ್ತಿದ್ದೆವಲ್ಲ, ಹಾಗೆ ಬ್ಯಾಟರಿಯೊಳಗೆ ಅದ್ದಿ ನೋಡಲು ಕಡ್ಡಿಯಿಲ್ಲ. ಎಷ್ಟು ವಿದ್ಯುತ್ ಒಳಗೆ ಹೋಯಿತು, ಎಷ್ಟು ಹೊರಗೆ ಬಂತು, ವೋಲ್ಟೇಜ್ ಎಷ್ಟಿದೆ ಎಂದು ಲೆಕ್ಕ ಹಾಕಿ ಒಂದು ಅಂಕಿ ಹೇಳಬೇಕು. ಭರ್ತಿಯಾದಾಗ ಸುಮಾರು 4.2 ವೋಲ್ಟ್ ಇರುವುದು ನಡುವಿನಲ್ಲಿ 3.7ರ ಆಸುಪಾಸು ತೆವಳುತ್ತಾ ಸಾಗಿ ಕೊನೆಗೆ ಧೊಪ್ಪೆಂದು ಬೀಳುತ್ತದೆ. ಮರದ ಮೇಲಿನ ಅಡಿಕೆ ಗೊನೆ ನೋಡಿ ಇಷ್ಟು ಕ್ವಿಂಟಾಲು ಎನ್ನುವ ಚೇಣಿದಾರರ ಕೆಲಸ ಇದು. ಎಳೆ ತೋಟದಲ್ಲಿ ಲೆಕ್ಕ ಸರಿ ಹೊಂದೀತು. ಹಳೇ ಬ್ಯಾಟರಿಯಲ್ಲಿ ಇಪ್ಪತ್ತು ಎಂದದ್ದು ಒಂದು ಫೋಟೋ ತೆಗೆಯುವಷ್ಟರಲ್ಲಿ ಏಳಾಗಿರುತ್ತದೆ. ಅಂದಾಜು ಹೇಳುವವರಲ್ಲಿ ಒಂದಿಷ್ಟು ಸಂಕೋಚವಾದರೂ ಬೇಡವೇ?

ಈ ಜಾತಿಯ ಲಿಥಿಯಂ ಅಯಾನ್ ಬ್ಯಾಟರಿ ಅಂಗಡಿಗೆ ಬಂದದ್ದು 1991ರಲ್ಲಿ. ಅದಕ್ಕೆ ತಳಪಾಯ ಹಾಕಿದ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು. ಅವರಲ್ಲಿ ಹಿರಿಯರು ಅಮೆರಿಕದ ಜಾನ್ ಗುಡ್‌ಎನಫ್, ಆಗ ವಯಸ್ಸು 97. ಆ ವಯಸ್ಸಿನಲ್ಲಿ ನೊಬೆಲ್ ಪಡೆದವರು ಅವರಿಗಿಂತ ಮೊದಲು ಯಾರೂ ಇರಲಿಲ್ಲ. 97ರಲ್ಲೂ ಪ್ರಯೋಗಾಲಯ ಬಿಡದಿದ್ದ ಮನುಷ್ಯ. ಅವರ ಹೆಸರನ್ನು ಕನ್ನಡಕ್ಕೆ ತಂದರೆ 'ಇಷ್ಟು ಸಾಕು' ಎಂದಾಗುತ್ತದೆ. ಇಷ್ಟು ಸಾಕು ಎಂಬುವರ ಕೂಸು ಲೋಕದ ಜೇಬುಗಳಲ್ಲೆಲ್ಲ ಕೂತು ಸಾಲದು, ಸಾಲದು ಎಂದು ಹಟ ಮಾಡುತ್ತಿದೆ.

ಮುಗಿಯುವ ವಸ್ತುಗಳು ಹಿಂದೆಯೂ ಇದ್ದವು. ನಮ್ಮಜ್ಜನ ರೇಡಿಯೋದಲ್ಲಿ ಪ್ರದೇಶ ಸಮಾಚಾರ ಓದುವವರ ದನಿ ಕುಗ್ಗುತ್ತಾ ಹೋಗಿ ಗುಟ್ಟು ಹೇಳಿದಂತೆ ಕೇಳಿದರೆ, ಅಜ್ಜ ಸೆಲ್ಲುಗಳನ್ನು ತೆಗೆದು ಹೆಂಚಿನ ಮೇಲೆ ಬಿಸಿಲಿಗೆ ಇಡುತ್ತಿದ್ದರು. ಮಾರನೇ ದಿನ ಇನ್ನೊಂದು ಕಂತಿನ ವಾರ್ತೆಗೆ ಜೀವ ಬರುತ್ತಿತ್ತು. ನನ್ನ ಹಳೇ ಸ್ಕೂಟರು ಪೆಟ್ರೋಲು ಮುಗಿಯುವ ಮೊದಲು ನಾಲ್ಕು ಸಲ ಕೆಮ್ಮುತ್ತಿತ್ತು. ಕೆಮ್ಮಿದೊಡನೆ ಕೈ ತಾನಾಗಿ ಸೀಟಿನ ಕೆಳಗೆ ಹೋಗಿ ಗುಂಡಿಯನ್ನು ರಿಸರ್ವ್‌ಗೆ ತಿರುಗಿಸುತ್ತಿತ್ತು. ಅದೂ ಮುಗಿದರೆ ಇಳಿದು, ಹಿಂದೆ ಕೂತವರನ್ನೂ ಇಳಿಸಿ, ಸ್ಕೂಟರನ್ನು ಪಕ್ಕಕ್ಕೆ ವಾಲಿಸಿ ಒಂದು ನಿಮಿಷ ಹಿಡಿದು ನಿಲ್ಲುವುದು. ತಳದಲ್ಲಿದ್ದ ಕೊನೆಯ ಗುಟುಕು ಹರಿದು ಬಂದು ಬಂಕ್ ಮುಟ್ಟಿಸುತ್ತಿತ್ತು. ಎಷ್ಟೋ ಗಂಡಹೆಂಡಿರು ರಸ್ತೆಯಲ್ಲಿ ಜೋಡಿಯಾಗಿ ಮಾಡಿದ ಮೊದಲ ಕೆಲಸ ಈ ವಾಲಿಸುವುದೇ.

ನನ್ನ ತಕರಾರು ಇಷ್ಟೇ. ಸ್ಕೂಟರಿನ ಕೆಮ್ಮಿನ ಹಿಂದೆ ಒಂದು ಗುಂಡಿ ಇತ್ತು, ರೇಡಿಯೋದ ಪಿಸುಮಾತಿನ ಹಿಂದೆ ಒಂದು ಬಿಸಿಲಿತ್ತು. ಪ್ಲಗ್ಗೇ ಇಲ್ಲದ ಕಾಡಿನಲ್ಲಿ ಚಾರ್ಜರ್‌ಗೆ ಹಾಕಿ ಎನ್ನುವುದರ ಹಿಂದೆ ಏನಿದೆ? ಬ್ಯಾಟರಿ ಸೇವರ್ ಒತ್ತಬಹುದು, ನಿಜ. ಅದು ಏಕಾದಶಿ ಉಪವಾಸ ಮಾಡಿಸುತ್ತದೆ, ಊಟ ಹಾಕುವುದಿಲ್ಲ. ಮಾಡುವ ದಾರಿಯಿದ್ದರೆ ಅದು ಎಚ್ಚರಿಕೆ, ಇಲ್ಲದಿದ್ದರೆ ಬೈಗುಳ. ಫೋನನ್ನು ನಾನು ವಾಲಿಸಿಯೂ ನೋಡಿದ್ದೇನೆ. ಪರದೆ ಅಡ್ಡ ತಿರುಗಿತು, ಅಷ್ಟೇ.

ಕವಲಿನಲ್ಲಿ ನಿಂತಿದ್ದೆವಲ್ಲ. ಹತ್ತು ಹೆಜ್ಜೆ ಆಚೆ ಒಂದು ದಣಪೆ, ಅದರಾಚೆ ತೋಟದ ಮನೆ. ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಅಜ್ಜರು ತಲೆಯೆತ್ತಿ, "ಮದುವೆ ಮನೆಗಾ?" ಎಂದರು. ಹೌದೆಂದೆ. ಕತ್ತಿಯನ್ನು ಪಕ್ಕಕ್ಕಿಟ್ಟು ಎದ್ದು ಬಂದರು. "ಬಲಗಡೆದು ಬೇಡ, ಅದು ಹೊಳೆಗೆ ಹೋಗ್ತದೆ. ಎಡಕ್ಕೆ ಹೋಗಿ. ಒಂದು ದೊಡ್ಡ ಹಲಸಿನ ಮರ ಸಿಗ್ತದೆ, ಅಲ್ಲಿಂದ ಇಳಿದರೆ ಸಂಕ. ಸಂಕದ ಪಕ್ಕವೇ ರಸ್ತೆ, ಕಾರು ಹೋಗ್ತದೆ ಹೆದರ್ಬೇಡಿ. ಮಾಡು ಹಾರಿಹೋದ ಬಸ್‌ಸ್ಟ್ಯಾಂಡ್ ಕಂಡರೆ ಮತ್ತೆ ಎಡಕ್ಕೆ. ಆಮೇಲೆ ವಾಲಗ ಕೇಳ್ತದೆ. ಬಾಯಾರಿಕೆಗೆ ಎಂತ ಕೊಡ್ಲಿ?" ಮುಹೂರ್ತ ಮೀರುತ್ತದೆ ಎಂದು ಕೈಮುಗಿದೆವು. ವಾಲಗ ಕೇಳಿಸಿದಾಗ ಗಂಟೆ 11.05, ಫೋನಿನಲ್ಲಿ 9. ನಡುವೆ ಒಮ್ಮೆ ಹತ್ತರ ಎಚ್ಚರಿಕೆಯೂ ಆಗಿತ್ತು. ಗುಡ್ಡಗಳ ನಡುವೆ ಟವರ್ ಸಿಗದಾಗ ಫೋನು ಅದನ್ನು ಹುಡುಕುತ್ತಲೇ ಸುಸ್ತಾಗುತ್ತದೆ. ಮಂಗ ಬಂದ ತೋಟದಲ್ಲಿ ನಾಯಿ ಸುತ್ತಿದ ಹಾಗೆ.

ಮದುವೆ ಮನೆಯ ನಡುಕೋಣೆಯಲ್ಲಿ ಒಂದೇ ಎಕ್ಸ್‌ಟೆನ್ಶನ್ ಬಾಕ್ಸು. ಅದಕ್ಕೆ ತಾಯಿಹಂದಿಯ ಮೊಲೆಗೆ ಬಿದ್ದ ಮರಿಗಳಂತೆ ಫೋನುಗಳು. ಎಂಟು ವರ್ಷದ ಒಬ್ಬ ಹುಡುಗ ಆಸ್ಪತ್ರೆಯ ರೌಂಡ್ಸಿಗೆ ಬಂದ ಡಾಕ್ಟರನ ಗತ್ತಿನಲ್ಲಿ ಕಾವಲು ಕೂತಿದ್ದ.

"ಮಾವ, ನಿಮ್ಮದೆಷ್ಟು?"

"ಒಂಬತ್ತಪ್ಪ."

"ಅಜ್ಜಿದು ನಲವತ್ತೊಂದು ಆಗಿದೆ. ಅವರದು ತೆಗ್ದು ನಿಮ್ಮದು ಹಾಕ್ತೀನಿ. ಅಜ್ಜಿಗೆ ಹೇಳ್ಬೇಡಿ."

ಇಷ್ಟು ವರ್ಷದಲ್ಲಿ ಬ್ಯಾಟರಿಯ ವಿಷಯವಾಗಿ ನಾನು ಕೇಳಿದ ಒಂದೇ ಒಂದು ಉಪಯೋಗದ ಮಾತು ಅದು. ಫೋನು ಮಾಡುವ ಪುಣ್ಯಾತ್ಮರು ಆ ಹುಡುಗನನ್ನು ನೋಡಿ ಕಲಿಯಲಿ. ಹೇಳುವುದಿದ್ದರೆ ಒಂದು ಸಲ ಹೇಳಿ, ಮೂಲೆಯಲ್ಲಿ ನಿಂತು ಹೇಳಿ, ದಾರಿಗೆ ಅಡ್ಡ ನಿಲ್ಲಬೇಡಿ. ಉಳಿದ ಇಪ್ಪತ್ತರಲ್ಲಿ ಊರು ಸೇರುವುದು ಹೇಗೆಂದು ಸ್ಕೂಟರು ವಾಲಿಸಿದವರಿಗೆ ನೀವು ಕಲಿಸಬೇಕಾಗಿಲ್ಲ.

ಊಟ ಮುಗಿಸಿ ಹೊರಟಾಗ ಫೋನು ಭರ್ತಿ ನೂರು, ನೆಟ್‌ವರ್ಕ್ ಸೊನ್ನೆ. ಅದರ ಬಗ್ಗೆ ಅದು ತುಟಿ ಬಿಚ್ಚಲಿಲ್ಲ. ಬಸ್‌ಸ್ಟ್ಯಾಂಡು, ಸಂಕ, ಹಲಸಿನ ಮರ ಎಂದು ಅಜ್ಜರ ಮಾತನ್ನು ಹಿಂದುಮುಂದಾಗಿ ಹೇಳಿಕೊಳ್ಳುತ್ತಾ ಡಾಂಬರು ರಸ್ತೆಗೆ ಬಂದು ಸೇರಿದೆವು.