82.4ರಲ್ಲಿ ಠಿಕಾಣಿ

ನಮ್ಮ ಬಡಾವಣೆಯಲ್ಲಿ ಗಂಡಸೊಬ್ಬ ಸ್ವಲ್ಪ ಇಳಿದಂತೆ ಕಂಡರೆ ಎದುರಿಗೆ ಸಿಕ್ಕವರು ಮೊದಲು ಕೇಳುವುದು "ಏನ್ ಸಾರ್, ಶುಗರ್ರಾ?" ಎಂದು. ಇನ್ನಷ್ಟು ಇಳಿದರೆ ದನಿ ತಗ್ಗಿಸಿ, "ಎಲ್ಲಾ ಟೆಸ್ಟೂ ಮಾಡಿಸಿದ್ರಿ ತಾನೆ?" ಎನ್ನುತ್ತಾರೆ. ಡಯಟ್ ಶುರು ಮಾಡಿದ ಹೊಸದರಲ್ಲಿ ಈ ಪ್ರಶ್ನೆ ಕೇಳಿಸಿಕೊಳ್ಳುವ ಆಸೆಗೇ ನಾನು ಹಾಲು ತರಲು ಹೋದವನು ಎರಡು ಬೀದಿ ಹೆಚ್ಚಿಗೆ ಸುತ್ತಿ ಬರುತ್ತಿದ್ದೆ. ಆಮೇಲೆ ತೂಕ ನಿಂತುಹೋಯಿತು. ಮೊನ್ನೆ ಅದೇ ಹಾಲಿನ ಬೂತಿನ ಮುಂದೆ ನಮ್ಮ ಕ್ರಾಸಿನ ರಿಟೈರ್ಡ್ ಮೇಷ್ಟ್ರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಡಯಟ್ ಮಾಡ್ತೀನಿ ಅಂತಿದ್ರಲ್ಲ, ಯಾವಾಗಿಂದ ಶುರು?" ಎಂದರು. ಅವತ್ತು ಹಾಲಿನ ಜೊತೆಗೆ ಮೊಸರಿನ ಪ್ಯಾಕೆಟ್ಟನ್ನೂ ತಂದೆ. ಕೆನೆ ತೆಗೆಯದ್ದು.

ಡಾಕ್ಟರು ಕಟುಕರೇನಲ್ಲ. ನನ್ನ ಎತ್ತರ ಐದಡಿ ಆರಂಗುಲ, ಆಗ ತೂಕ 88 ಕಿಲೋ. ನಮ್ಮಂಥ ಏಷ್ಯಾದವರಿಗೆ ಬಿಎಂಐ 23 ದಾಟಿದರೇ ಎಚ್ಚರವಾಗಬೇಕಂತೆ. ಆ ಲೆಕ್ಕದಲ್ಲಿ ನಾನು 65 ಕಿಲೋ ಇರಬೇಕು. ಅಷ್ಟಿದ್ದ ನನ್ನನ್ನು ಈಗ ನಮ್ಮ ಮದುವೆ ಆಲ್ಬಮ್ಮಿನಲ್ಲಿ ಮಾತ್ರ ನೋಡಬಹುದು. ನನ್ನ ಮುಖ ಬಿಳಿಚಿದ್ದು ಕಂಡು ಡಾಕ್ಟರು, "ಅಷ್ಟೆಲ್ಲ ಬೇಡ, ಮೊದಲು ಇರೋದರಲ್ಲಿ ನೂರಕ್ಕೆ ಐದು ಇಳಿಸಿ. ಬಿಪಿ, ಶುಗರ್ರು ಅಷ್ಟಕ್ಕೇ ಮಾತು ಕೇಳ್ತವೆ" ಎಂದರು. ಅವರು ಹೇಳಿಕಳಿಸಿದ ಡಯಟೀಷಿಯನ್ನು ಮಾತ್ರ ರಿಯಾಯಿತಿ ಕೊಡುವವರಲ್ಲ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಅವರ ಚಾರ್ಟಿನಲ್ಲಿ ಅನ್ನಕ್ಕೆ ಜಾಗವಿರಲಿಲ್ಲ. ಮಧ್ಯಾಹ್ನ ಪುಟ್ಟ ಕಿತ್ತಳೆಯಷ್ಟು ಮುದ್ದೆ, ಅದಕ್ಕೆ ಒಗ್ಗರಣೆ ಕಾಣದ ಸಾರು. ಕೋಸಂಬರಿ ಉಂಟು, ಕಾಯಿ ಇಲ್ಲ. ಸಂಜೆ ಮಜ್ಜಿಗೆ, ಅದನ್ನು ಎಷ್ಟು ತೆಳ್ಳಗೆ ಮಾಡಬೇಕೆಂದರೆ ಲೋಟದ ತಳ ಕಾಣಬೇಕು.

ಮೊದಲ ಕೆಲವು ವಾರ ತೂಕ ಸರಸರನೆ ಇಳಿಯಿತು. ಆ ಅವಧಿಯ ನನ್ನ ನಡವಳಿಕೆಯನ್ನು ನೆಂಟರು ಇನ್ನೂ ಕ್ಷಮಿಸಿಲ್ಲ. ಒಂದು ಮದುವೆ ಮನೆಯಲ್ಲಿ, ಎಲೆಯ ಮುಂದೆ ಕೂತಿದ್ದ ನನ್ನ ಭಾವಮೈದುನನಿಗೆ ಎರಡನೇ ಹೋಳಿಗೆ ಬೀಳುವಾಗ, "ಮನಸ್ಸು ಗಟ್ಟಿ ಇರಬೇಕು ಕಣಯ್ಯಾ, ಅಷ್ಟೇ" ಎಂದು ಉಪದೇಶ ಮಾಡಿದ್ದೆ. ನಿಜವಾಗಿ ಆಗ ನನ್ನಲ್ಲಿ ಕರಗುತ್ತಿದ್ದುದರಲ್ಲಿ ಬಹುಪಾಲು ನೀರು. ನಮ್ಮ ಲಿವರ್ರು, ಮಾಂಸಖಂಡಗಳಲ್ಲಿ ಸುಮಾರು ಅರ್ಧ ಕಿಲೋ ಗ್ಲೈಕೋಜನ್ ಎಂಬ ಸಕ್ಕರೆ ದಾಸ್ತಾನಿರುತ್ತದೆ. ಅದರ ಒಂದೊಂದು ಗ್ರಾಮೂ ಮೂರು ಗ್ರಾಮಿನಷ್ಟು ನೀರು ಹಿಡಿದುಕೊಂಡಿರುತ್ತದೆ. ಊಟ ಕಡಿಮೆ ಮಾಡಿದೊಡನೆ ಮೊದಲು ಖಾಲಿಯಾಗುವುದು ಈ ದಾಸ್ತಾನು. ಎರಡು ಕಿಲೋ ಹೋಯಿತೆಂದು ನಾನು ಕುಣಿದಾಡುತ್ತಿದ್ದಾಗ ಬೊಜ್ಜು ಒಳಗೆ ಬಹುಮಟ್ಟಿಗೆ ಹಾಯಾಗಿ ಕೂತಿತ್ತು. ಇದನ್ನು ಮಗಳು ಹೇಳಿದ್ದು ಮದುವೆಯ ಊಟವಾದ ಮೇಲೆ. ಮೊದಲೇ ಹೇಳಿದ್ದರೆ ಭಾವಮೈದುನನ ಜೊತೆ ಸಂಬಂಧ ಚೆನ್ನಾಗಿರುತ್ತಿತ್ತು.

82.4ಕ್ಕೆ ಬಂದು ನಿಂತದ್ದು, ನಿಂತೇಬಿಟ್ಟಿತು. ಮೊದಲು ಮಷೀನಿನ ಮೇಲೆ ಅನುಮಾನ ಪಟ್ಟೆ. ಬಚ್ಚಲು ಮನೆಯ ಎದುರಿನ ಟೈಲ್ಸಿನ ಮೇಲೆ 82.4, ದೇವರ ಮನೆ ಮುಂದಿನ ಗ್ರಾನೈಟಿನ ಮೇಲೆ 82.7. ನಮ್ಮ ಮನೆ ಕಟ್ಟಿದ ಮೇಸ್ತ್ರಿ ನೆಲವನ್ನು ಎಲ್ಲೂ ಸಮ ಮಾಡಿಲ್ಲ ಎಂಬುದು ಇಷ್ಟು ವರ್ಷದ ಮೇಲೆ ಬೆಳಕಿಗೆ ಬಂತು. ಬಚ್ಚಲಿನ ಎದುರಿನ ಒಂದು ಟೈಲ್ಸಿನ ಮೂಲೆಯಲ್ಲಿ, ಎಡಗಾಲಿನ ಮೇಲೆ ಭಾರ ಹಾಕಿ, ಉಸಿರು ಬಿಟ್ಟು ನಿಂತರೆ ಅಂಕಿ 82.2, 82.3 ಎಂದು ಮಿಣುಕುತ್ತದೆ. ಆ ಮಿಣುಕಿನಲ್ಲೇ ಇಳಿದುಬಿಡಬೇಕು. ಅರೆಕ್ಷಣ ತಡವಾದರೆ ಮತ್ತೆ 82.4. ಕನ್ನಡಕ ತೆಗೆದು ನಿಂತರೆ ಹಗುರಾಗಬಹುದೆಂದು ಅದನ್ನೂ ಮಾಡಿದೆ, ಅಂಕಿ ಕಾಣಿಸಲಿಲ್ಲ. ಓದಲು ಮಗಳನ್ನು ಕರೆಯಬೇಕಾಯಿತು. ಟವೆಲು ಸುತ್ತಿ ಒಂಟಿ ಕಾಲಿನಲ್ಲಿ ನಿಂತ ಅಪ್ಪನನ್ನು ನೋಡಿ ಅವಳು, "ಅಪ್ಪಾ, ಇದನ್ನ ಪ್ಲಾಟೊ ಅಂತಾರೆ. ಎಲ್ಲರಿಗೂ ಆಗತ್ತೆ. ಮೊದಲು ಪಂಚೆ ಉಟ್ಕೊ" ಎಂದಳು.

ಅವಳು ವಿವರಿಸಿದ್ದು ಇಷ್ಟು. ಸಂಬಳ ಕಡಿತವಾದ ಮನೆಯ ಗೃಹಿಣಿ ಯಾರಿಗೂ ಹೇಳದೆ ಖರ್ಚು ಬಿಗಿಮಾಡುತ್ತಾಳಲ್ಲ, ಹಾಲಿಗೆ ಒಂದು ಲೋಟ ನೀರು ಹೆಚ್ಚಿಗೆ ಹಾಕಿ, ಎರಡನೇ ದೀಪ ಆರಿಸಿ, ದೇಹವೂ ಹಾಗೇ ಮಾಡುತ್ತದಂತೆ. ಇಳಿದ ಮೈಯನ್ನು ಹೊತ್ತು ತಿರುಗಲು ಬೇಕಾಗುವ ಶಕ್ತಿಯೇ ಕಡಿಮೆ. ಅದರ ಮೇಲೆ ದೇಹ ಸ್ವಂತ ಇಚ್ಛೆಯಿಂದಲೂ ಒಂದಿಷ್ಟು ಉಳಿತಾಯ ಮಾಡುತ್ತದೆ. ಅಮೆರಿಕದ ಟಿವಿಯಲ್ಲಿ ತೂಕ ಇಳಿಸುವ ಪಂದ್ಯವೊಂದಿತ್ತು, 'ದಿ ಬಿಗ್ಗೆಸ್ಟ್ ಲೂಸರ್'. ಅದರಲ್ಲಿ ಭಾಗವಹಿಸಿದ್ದ 14 ಮಂದಿಯನ್ನು ಆರು ವರ್ಷದ ನಂತರ ಪರೀಕ್ಷಿಸಿದಾಗ, ಅವರ ದೇಹ ಸುಮ್ಮನೆ ಕೂತಿರುವಾಗ ಖರ್ಚು ಮಾಡಬೇಕಾದ್ದಕ್ಕಿಂತ ದಿನಕ್ಕೆ ಸರಾಸರಿ 500 ಕ್ಯಾಲೊರಿಯಷ್ಟು ಕಡಿಮೆ ಖರ್ಚು ಮಾಡುತ್ತಿತ್ತು ಎಂದು 2016ರಲ್ಲಿ ಪ್ರಕಟವಾಯಿತು. ಜಿಪುಣತನದಲ್ಲಿ ದೇಹಕ್ಕೆ ಇಷ್ಟು ನೆನಪಿನ ಶಕ್ತಿ ಇದೆ.

"ಇದಕ್ಕೆ ಅಮೆರಿಕದವರು ಯಾಕೆ ಬೇಕು?" ಎಂದಳು ನನ್ನಾಕೆ ಅಡುಗೆಮನೆಯಿಂದಲೇ. "ಡಯಟ್ ಶುರುವಾದಾಗಿಂದ ನಿಮ್ಮಪ್ಪ ಗೇಟಿನ ಹತ್ತಿರ ಬಿದ್ದಿರೋ ಪೇಪರ್ ತರಲ್ಲ, ನನ್ನನ್ನ ಕೂಗ್ತಾರೆ. ಫ್ಯಾನಿನ ಸ್ವಿಚ್ಚು ಒತ್ತೋಕೂ ನಾನೇ ಬರಬೇಕು. ಅವರದ್ದು ಇಳೀತಾ ಇಲ್ಲ, ನನ್ನದು ಇಳೀತಾ ಇದೆ." ತಿಳಿಯದೆಯೇ ಓಡಾಟ ಕಡಿಮೆಯಾಗುವುದೂ ಪ್ಲಾಟೊಗೆ ಒಂದು ಕಾರಣ ಎಂದು ಮಗಳ ಮೊಬೈಲಿನಲ್ಲೂ ಇತ್ತು. ತಾಯಿ ಮಗಳು ಇಬ್ಬರೂ ಒಂದೇ ತೀರ್ಮಾನಕ್ಕೆ ಬಂದದ್ದು ನಮ್ಮ ಮನೆಯಲ್ಲಿ ಅಪರೂಪ. ನನ್ನ ವಿಷಯದಲ್ಲಿ ಮಾತ್ರ ಆಗಾಗ ಆಗುತ್ತದೆ.

ಅಮ್ಮನ ವಾದವೇ ಬೇರೆ. ಮಂಡಿ ನೋವಿನಿಂದ ಮಣೆ ಹತ್ತಿ ಇಳಿಯುವುದಕ್ಕೂ ಗೋಡೆ ಹಿಡಿಯುವ ಅವರಿಗೆ ನನ್ನ ಮೈ ಮೇಲಿನ ಮೂಳೆಗಳು ಮಾತ್ರ ದೂರದಿಂದಲೇ ಕಾಣುತ್ತವೆ. "ಗಂಟಲ ಮೂಳೆ ಎದ್ದಿದೆ ನೋಡು. ಒಂದು ತುತ್ತು ಮೊಸರನ್ನಕ್ಕೆ ಯಾವ ತೂಕ ಬರುತ್ತೆ?" ಎಂದು ಹೊತ್ತಿಗೊಮ್ಮೆ ಮರುಗುತ್ತಾರೆ. ನನ್ನ ಮೈಯಲ್ಲಿ ಕಾಣುವ ಮೂಳೆ ಮೊಣಕೈಯದು ಒಂದೇ.

ಹಸಿದವನ ಮನಸ್ಸು ಎಲ್ಲೆಲ್ಲಿ ಹೋಗುತ್ತದೆ ಎಂಬುದನ್ನೂ ಯಾರೋ ಅಳೆದಿದ್ದಾರೆ. ಎರಡನೇ ಮಹಾಯುದ್ಧದ ಕೊನೆಗೆ, 1944-45ರಲ್ಲಿ, ಮಿನಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಸ್ವಯಂಸೇವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟರು. ಯುದ್ಧಕ್ಕೆ ಹೋಗುವುದಿಲ್ಲ ಎಂದು ನಿಂತಿದ್ದ ಗಟ್ಟಿಗರು ಅವರು. ಅಂಥವರೂ ಅಡುಗೆ ಪುಸ್ತಕ ಕೂಡಿಹಾಕಿ ಕಥೆಪುಸ್ತಕದ ಹಾಗೆ ಓದತೊಡಗಿದರಂತೆ. ಇದನ್ನು ಓದಿ ನನಗೆ ಸ್ವಲ್ಪ ಸಮಾಧಾನವಾಯಿತು, ಏಕೆಂದರೆ ರಾತ್ರಿ ಹನ್ನೊಂದಕ್ಕೆ ಹೊದಿಕೆಯೊಳಗೆ ಮೊಬೈಲಿನ ಸದ್ದು ಅಡಗಿಸಿ ನಾನು ನೋಡುತ್ತಿದ್ದುದು ಬೇಳೆ ಒಬ್ಬಟ್ಟಿನ ವಿಡಿಯೊ. ಕಣಕಕ್ಕೆ ಎಣ್ಣೆ ಸುರಿದು ನಾದುವ ಭಾಗ ಬಂದಾಗ ಹಿಂದಕ್ಕೆ ತಳ್ಳಿ ಮತ್ತೆ ನೋಡುತ್ತಿದ್ದೆ. ಪಕ್ಕದಲ್ಲಿ ಎಚ್ಚರವಾದ ನನ್ನಾಕೆ ಏನೋ ಬೇರೆ ಅನುಮಾನದಿಂದ ಮೊಬೈಲು ಕಿತ್ತುಕೊಂಡು ನೋಡಿದಳು. ಒಬ್ಬಟ್ಟನ್ನು ಕಂಡು ಅವಳಿಗೆ ಸಮಾಧಾನವಾಯಿತೋ ಜಿಗುಪ್ಸೆಯಾಯಿತೋ ಇವತ್ತಿಗೂ ಹೇಳಿಲ್ಲ.

ಅಷ್ಟರಲ್ಲಿ ಶ್ರಾವಣ ಬಂತು. ವರಮಹಾಲಕ್ಷ್ಮಿ ಹಬ್ಬದಲ್ಲಿ ಪ್ರಸಾದ ಬೇಡವೆಂದರೆ ಅಮ್ಮನಿಗೆ ಅವಮಾನ, ದೇವಿಗೆ ಅಪಚಾರ. ಒಂದು ಹೋಳಿಗೆ, ಎರಡು ಆಂಬೊಡೆ, ಪುಳಿಯೋಗರೆ, ಉಪ್ಪಿನಕಾಯಿ. ಮರುದಿನ 83.9! ಒಂದೂವರೆ ಕಿಲೋ. ನಾನು ಸೋಫಾದಲ್ಲಿ ಕುಸಿದೆ. ಮಗಳು ಪೆನ್ನು ಹಿಡಿದು ಲೆಕ್ಕ ಹಾಕಿದಳು. ಒಂದು ಕಿಲೋ ಬೊಜ್ಜು ಕೂಡಲು ಸುಮಾರು 7,700 ಕ್ಯಾಲೊರಿ ಹೆಚ್ಚುವರಿ ಬೇಕು. ತುಪ್ಪ ಸೇರಿ ಹೋಳಿಗೆಗೆ 300 ಎಂದು ಹಿಡಿದರೂ ಒಂದು ಕಿಲೋಗೆ ಇಪ್ಪತ್ತೈದರ ಮೇಲೆ ಹೋಳಿಗೆ ತಿಂದಿರಬೇಕು. "ಅಷ್ಟು ತಿಂದ್ಯಾ ಅಪ್ಪಾ?" ಇಲ್ಲ ಎಂದು ನಾನು ಹೇಳುವ ಮೊದಲೇ ತಾಯಿ ಮಗಳು ಇಬ್ಬರೂ ನನ್ನ ಮುಖ ನೋಡಿದ ರೀತಿ ನನಗೆ ಹಿಡಿಸಲಿಲ್ಲ. ಏರಿದ್ದು ಬಹುಪಾಲು ನೀರೇ. ಉಪ್ಪು ನೀರನ್ನು ಹಿಡಿದಿಡುತ್ತದೆ, ಬಹುದಿನದ ಮೇಲೆ ಸಿಕ್ಕಿದ ಅನ್ನವೂ ಗ್ಲೈಕೋಜನ್ನಾಗಿ ನೀರು ಎಳೆದುಕೊಳ್ಳುತ್ತದೆ. ನಾಲ್ಕು ದಿನದಲ್ಲಿ ಮತ್ತೆ 82.4ಕ್ಕೇ ಬಂತು. ಆ ಅಂಕಿಯನ್ನು ನೋಡಿ ಮೊದಲ ಬಾರಿಗೆ ಸಂತೋಷಪಟ್ಟೆ.

ಹದಿನೇಳನೇ ಶತಮಾನದಲ್ಲಿ ಇಟಲಿಯ ಪಡುವಾದಲ್ಲಿ ಸಾಂಟೋರಿಯೊ ಎಂಬ ವೈದ್ಯನಿದ್ದ. ತಕ್ಕಡಿಗೆ ಕುರ್ಚಿ ನೇತುಹಾಕಿ ಅದರಲ್ಲೇ ಕೂತು ಉಂಡು, ತಿಂದದ್ದು, ಹೊರಹಾಕಿದ್ದು ಎಲ್ಲವನ್ನೂ ವರ್ಷಗಟ್ಟಲೆ ತೂಗಿದ. 1614ರಲ್ಲಿ ಪುಸ್ತಕ ಬರೆದ. ಅವನನ್ನು ಉದಾಹರಿಸಿ ದಿನಕ್ಕೆ ಮೂರು ಸಲ ತೂಕ ನೋಡುವುದು ವೈಜ್ಞಾನಿಕವೆಂದು ವಾದಿಸಿದೆ. "ಆ ಹೊರಹಾಕಿದ್ದನ್ನ ಯಾರು ಎತ್ತಿಡ್ತಿದ್ರಂತೆ?" ಎಂದಳು ನನ್ನಾಕೆ. ವಾದ ಅಲ್ಲಿಗೆ ಮುಗಿಯಿತು. ಹಂಪಿಯ ವಿಠ್ಠಲ ದೇವಸ್ಥಾನದ ದಾರಿಯಲ್ಲಿ ಅರಸರ ತುಲಾಭಾರದ ಕಲ್ಲಿನ ಕಮಾನು ಇನ್ನೂ ನಿಂತಿದೆ. ತನ್ನ ತೂಕದಷ್ಟು ಚಿನ್ನವನ್ನು ರಾಜ ದಾನ ಮಾಡುತ್ತಿದ್ದ ಜಾಗವಂತೆ. ಆ ಕಾಲದಲ್ಲಿ ರಾಜನಿಗೆ ಒಂದು ಮುದ್ದೆ ಕಡಿಮೆ ಬಡಿಸಲು ಯಾವ ಪುರೋಹಿತ ತಾನೆ ಬಿಡುತ್ತಿದ್ದ? ನಾನು ತಪ್ಪು ಶತಮಾನದಲ್ಲಿ ದಪ್ಪಗಾದೆ.

ಡಾಕ್ಟರನ್ನು ಕೇಳಿದರೆ, ನೂರಕ್ಕೆ ಐದು ದಾಟಿ ಆರೂ ಆಗಿದೆ, ಬಿಪಿ ಇಳಿದಿದೆ, ಮುಂದುವರಿಸಿ ಎಂದು ಕೈಕುಲುಕಿದರು. ಬೆಲ್ಟು ಒಂದು ತೂತು ಒಳಕ್ಕೆ ಹೋಗಿತ್ತು, ಅದೂ ನಿಜ. ಆದರೆ ಬೆಲ್ಟಿನ ತೂತನ್ನು ಹಾಲಿನ ಬೂತಿನಲ್ಲಿ ಯಾರಿಗೆ ತೋರಿಸುವುದು?

ಕೊನೆಗೆ ನನ್ನಾಕೆ ಮಷೀನನ್ನೇ ಎತ್ತಿಟ್ಟಳು. "ಹದಿನೈದು ದಿನಕ್ಕೊಂದ್ಸಲ, ಭಾನುವಾರ ಬೆಳಿಗ್ಗೆ, ಎಲ್ಲರ ಎದುರಿಗೆ ತೂಕ. ಅಲ್ಲೀವರೆಗೂ ಅದು ನಿಮ್ಮ ಕಣ್ಣಿಗೆ ಬೀಳಬಾರದು." ಎಲ್ಲಿಟ್ಟಳೆಂದು ಹೇಳಲಿಲ್ಲ. ನಾನೂ ಹುಡುಕಲಿಲ್ಲ, ದೇವರಾಣೆ.

ಕೃಷ್ಣಾಷ್ಟಮಿ ಕಳೆದ ಮೇಲಿನ ಒಂದು ಮಧ್ಯಾಹ್ನ ಅಮ್ಮ ಮಲಗಿದ್ದರು, ಉಳಿದಿಬ್ಬರು ಪೇಟೆಗೆ ಹೋಗಿದ್ದರು. ಸ್ಟೂಲು ಹತ್ತಿ ಅಡುಗೆಮನೆಯ ಅಟ್ಟದಿಂದ ಕೋಡುಬಳೆ ಡಬ್ಬ ಎಳೆದೆ. ಅದರ ಹಿಂದೆ, ಹಳೇ ಟವೆಲಿನಲ್ಲಿ ಸುತ್ತಿಟ್ಟಿದ್ದ ಮಷೀನು. ಕೋಡುಬಳೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಅದನ್ನು ಕೆಳಗಿಳಿಸಿ ನಿಂತೆ. 81.3! ಇಳಿದು ಮತ್ತೆ ಹತ್ತಿದೆ. 81.3. ಬಾಯಲ್ಲಿದ್ದುದನ್ನು ಕಳೆದರೆ ಇನ್ನೂ ಕಡಿಮೆಯೇ. ಇಷ್ಟು ದಿನ ಕಾದ ಸುದ್ದಿಯನ್ನು ಯಾರಿಗೆ ಹೇಳಲಿ? ಹೇಳಿದರೆ ಮಷೀನು ಹೇಗೆ ಸಿಕ್ಕಿತೆಂದು ಕೇಳುತ್ತಾರೆ. ಅದರ ಹಿಂದೆಯೇ ಡಬ್ಬದ ವಿಚಾರಣೆ. ಎಲ್ಲವನ್ನೂ ಇದ್ದಲ್ಲೇ ಇಟ್ಟು, ಮೂರು ದಿನ ಬಾಯಿ ಬಿಗಿದುಕೊಂಡು ಓಡಾಡಿದೆ. ಊಟ ಬಿಡುವುದಕ್ಕಿಂತ ಕಷ್ಟದ ವ್ರತ ಅದು.

ಭಾನುವಾರ ಸಭೆ ಸೇರಿತು. ಮಗಳು ಬಗ್ಗಿ ಅಂಕಿ ಓದಿ, "81.2! ಅಪ್ಪಾ!" ಎಂದು ಚಪ್ಪಾಳೆ ತಟ್ಟಿದಳು. ನಾನು ಬೆಚ್ಚಿಬಿದ್ದವನಂತೆ ಕಣ್ಣರಳಿಸಿ, "ಹೌದಾ? ನಿಜವಾಗ್ಲೂ? ಸರಿಯಾಗಿ ನೋಡು!" ಎಂದೆ. ಸ್ವಲ್ಪ ಹೆಚ್ಚೇ ಆಯಿತೆಂದು ಕಾಣುತ್ತದೆ. ನನ್ನಾಕೆ ನನ್ನನ್ನು ನೋಡಲಿಲ್ಲ, ಕೈಯಲ್ಲಿದ್ದ ಟವೆಲನ್ನು ನೋಡಿದಳು. ಅದರ ಅಂಚಿನಲ್ಲಿ ಐದು ಬೆರಳಿನ ಎಣ್ಣೆ ಗುರುತು.

"ಪುಟ್ಟಿ, ಅಟ್ಟದ ಮೇಲಿನ ಕೋಡುಬಳೆ ಡಬ್ಬ ಇಳಿಸು. ಎಷ್ಟಿದೆ ಎಣಿಸೋಣ."

ಮಗನಿಗೆ ಕಷ್ಟ ಬಂದದ್ದು ಅಮ್ಮನಿಗೆ ತಕ್ಷಣ ಹೊಳೆಯಿತು. ಕುರ್ಚಿಯಿಂದಲೇ ಕೈ ಬೀಸಿ ಹೇಳಿದರು:

"ಅದನ್ನೇನೇ ಎಣಿಸ್ತೀಯಾ? ದಿನಾ ಮಧ್ಯಾಹ್ನ ನಾನೇ ಅಟ್ಟ ಹತ್ತಿ ನಾಲ್ಕು ನಾಲ್ಕು ತೆಗೆದು ಕೊಡ್ತಿದ್ದೆ ಅವನಿಗೆ."