ನಾನು ಗಾಳಿಗೆ ಮಾತ್ರ, ಸ್ವಾಮಿ!

2024ರ ಅಕ್ಟೋಬರ್ 8, ಮಂಗಳವಾರ ಮಧ್ಯಾಹ್ನ. ಫ್ಲಾರಿಡಾದ ಸರಸೋಟಾ. ಮಿಲ್ಟನ್ ಎಂಬ ಹರಿಕೇನ್ ಮೆಕ್ಸಿಕೋ ಕೊಲ್ಲಿಯಿಂದ ನಮ್ಮ ಕಡೆಗೇ ಮುಖ ಮಾಡಿದೆ. ನಾನು ಗ್ಯಾರೇಜಿನಿಂದ ಪ್ಲೈವುಡ್ ಹಲಗೆಯೊಂದನ್ನು ಎಳೆದು ತಂದು, ಹಾಲ್ ಕಿಟಕಿಗೆ ಆನಿಸಿ, ಡ್ರಿಲ್ ಹಿಡಿದು ನಿಂತಿದ್ದೆ. ಮನೆ ಮಾರಿದವರು ಬಿಟ್ಟುಹೋದ ಹಲಗೆ ಅದು. ಮೈತುಂಬ ಸ್ಪ್ರೇ ಪೇಂಟಿನಲ್ಲಿ ಬರೆದ ಹಳೆಯ ಹರಿಕೇನುಗಳ ಹೆಸರುಗಳು: ಚಾರ್ಲಿ, ಫ್ರಾನ್ಸಿಸ್, ಜೀನ್, ಇರ್ಮಾ, ಇಯನ್. ಒಂದೊಂದರ ಮೇಲೂ ಕಾಟು ಹೊಡೆದಿದೆ. ಇಷ್ಟು ಹಿರಿಯರನ್ನು ಮಾತಾಡಿಸದೆ ಸ್ಕ್ರೂ ಹಾಕಲು ಮನಸ್ಸು ಬರಲಿಲ್ಲ.

ತಾವು ಸೇವೆಗೆ ಸೇರಿದ್ದು ಯಾವಾಗ?

2004ರಲ್ಲಿ. ಆ ವರ್ಷ ಸುಮಾರು ಆರು ವಾರದಲ್ಲಿ ನಾಲ್ಕು ಹರಿಕೇನುಗಳು ಈ ಒಂದೇ ರಾಜ್ಯವನ್ನು ಬಡಿದವು. ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಕ್ಯೂ, ತಿರುಪತಿಯ ಧರ್ಮದರ್ಶನದ ಹಾಗೆ. ನನ್ನನ್ನು ಎದೆಗೆ ಅವುಚಿಕೊಂಡು ಒಯ್ದರು ಸ್ವಾಮಿ. ನವೆಂಬರ್ ಬಂದದ್ದೇ ತಡ, ನೀರಿನ ಹೀಟರ್ ಹಿಂದೆ ಒರಗಿಸಿದರು. ಅಲ್ಲಿಂದೀಚೆಗೆ ನಾನು ಗರಜು ಬಿದ್ದಾಗ ನೆನಪಾಗುವ ನೆಂಟ.

ಆ ಕ್ಯೂನಲ್ಲಿ ಜನ ಬೇರೇನು ಕೊಳ್ಳುತ್ತಿದ್ದರು?

ಅದೇ ವರ್ಷ ವಾಲ್‌ಮಾರ್ಟ್‌ನವರು ತಮ್ಮ ಲೆಕ್ಕ ತೆಗೆದು ನೋಡಿದರು. ಹರಿಕೇನ್ ಬರುವ ಮುನ್ನ ಸ್ಟ್ರಾಬೆರಿ ಪಾಪ್-ಟಾರ್ಟ್ ಎಂಬ ತಿಂಡಿಯ ವ್ಯಾಪಾರ ಏಳು ಪಟ್ಟು ಏರುತ್ತಿತ್ತು. ಟಾರ್ಚು, ಬ್ಯಾಟರಿ ಎಲ್ಲ ಇದ್ದದ್ದೇ. ಆದರೆ ಎಲ್ಲಕ್ಕಿಂತ ಹೆಚ್ಚು ಬಿಕರಿಯಾದದ್ದು ಬಿಯರ್. ಮನುಷ್ಯನ ಧೈರ್ಯ ಎಲ್ಲಿಂದ ಬರುತ್ತದೆ ಅನ್ನುವುದು ನನಗೆ ಅಂದೇ ತಿಳಿಯಿತು.

(ನಮ್ಮ ಮನೆಯಲ್ಲಿ ಪಾಪ್-ಟಾರ್ಟಿನ ಜಾಗ ಅವಲಕ್ಕಿಯದು. ಕರೆಂಟು ಬೇಡ, ನೀರು ಚಿಮುಕಿಸಿದರೆ ಸಾಕು. ಇದನ್ನು ಹಲಗೆಗೆ ಹೇಳಿದೆ. ಅದು ಸುಮ್ಮನಿತ್ತು.)

ಪಕ್ಕದ ಮನೆಯವರು ಊರು ಬಿಡುವುದಿಲ್ಲವಂತೆ. 'ನಾವು ಚಾರ್ಲಿಯನ್ನೇ ಎದುರಿಸಿದವರು' ಅನ್ನುತ್ತಾರೆ.

ಎದುರಿಸಿದ್ದು ಯಾರು? ಚಾರ್ಲಿ ಟ್ಯಾಂಪಾಕ್ಕೆ ಬರುತ್ತದೆ ಅಂದಿದ್ದರು. ಕೊನೆ ಗಳಿಗೆಯಲ್ಲಿ ಬಲಕ್ಕೆ ಹೊರಳಿ ಪುಂಟಾ ಗೋರ್ಡಾದ ಮೇಲೆ ಬಿತ್ತು. ಅಲ್ಲಿ ಊರಿಗೆ ಊರೇ ಚಿಂದಿ. ಇಲ್ಲಿ ನಾನು ನಾಲ್ಕು ಸಲ ಕಿರ್ರೆಂದೆ, ಅಷ್ಟೇ. ಆ ಪುಣ್ಯಾತ್ಮರು ನಿದ್ದೆ ಹೊಡೆದಿದ್ದರು. ಇಪ್ಪತ್ತು ವರ್ಷದಿಂದ ಅದನ್ನೇ ಕುರುಕ್ಷೇತ್ರ ಮಾಡಿ ಹೇಳುತ್ತಿದ್ದಾರೆ. ಬೇರೆಯವರ ಊರಿಗೆ ಹೋದ ಚಂಡಮಾರುತದಿಂದ ಬದುಕಿ ಉಳಿದವರೇ ಈ ಕರಾವಳಿಯಲ್ಲಿ ಹೆಚ್ಚು.

ಇಯನ್ ಕೂಡ ಹಾಗೇ ಹೊರಳಿತಲ್ಲವೆ?

2022ರ ಸೆಪ್ಟೆಂಬರ್ 28. ಮೊದಮೊದಲು ಅದೂ ಟ್ಯಾಂಪಾಕ್ಕೇ ಅಂದುಕೊಂಡಿದ್ದರು. ಟಿ.ವಿ.ಯಲ್ಲಿ ಬಿಳಿ ಶಂಕುವೊಂದನ್ನು ತೋರಿಸುತ್ತಾರೆ ನೋಡಿ, ಕೋನ್ ಅಂತ. ಚಂಡಮಾರುತದ ನಟ್ಟನಡುವಿನ ಬಿಂದು ಎಲ್ಲೆಲ್ಲಿ ಹಾಯಬಹುದು ಅನ್ನುವುದಕ್ಕೆ ಮಾತ್ರ ಅದು. ಆ ಗೆರೆಯಿಂದಾಚೆ ಮಳೆಯೂ ಇಲ್ಲ ಗಾಳಿಯೂ ಇಲ್ಲ ಅಂತ ಜನ ಓದಿಕೊಳ್ಳುತ್ತಾರೆ, ಜಮೀನಿನ ಸರ್ವೆ ನಕಾಶೆಯ ಹಾಗೆ! ಇಯನ್ ದಕ್ಷಿಣಕ್ಕೆ ಸರಿದು ಕಾಯೋ ಕೋಸ್ಟಾದಲ್ಲಿ ದಡ ಹತ್ತಿತು, ಗಂಟೆಗೆ 150 ಮೈಲಿ ಗಾಳಿ. ಫೋರ್ಟ್ ಮೈಯರ್ಸ್ ಬೀಚಿನಲ್ಲಿ ಸಮುದ್ರ ಹತ್ತರಿಂದ ಹದಿನೈದು ಅಡಿ ಎದ್ದು ಬೀದಿಗೆ ಬಂತು. ಅಲ್ಲೂ ನನ್ನ ಜಾತಿಯವರು ಕಿಟಕಿ ಕಿಟಕಿಗೂ ಇದ್ದರು ಸ್ವಾಮಿ. ಸ್ಕ್ರೂ ಸಮೇತ ತೇಲಿಹೋದರು, ಕಿಟಕಿಯೂ ಜೊತೆಗೇ.

ಮಿಲ್ಟನ್ ಬಗ್ಗೆ ಏನನ್ನುತ್ತೀರಿ? ಐದನೇ ದರ್ಜೆ ಅಂತ ಎಲ್ಲರೂ ಹೆದರಿದ್ದಾರೆ.

ಶನಿವಾರ ಹುಟ್ಟಿದ್ದು, ಸೋಮವಾರಕ್ಕೇ ಗಂಟೆಗೆ 180 ಮೈಲಿ. ಹೆದರಬೇಕಾದದ್ದೇ. ಆದರೆ ಆ ಒಂದರಿಂದ ಐದರವರೆಗಿನ ದರ್ಜೆ ಗಾಳಿಯ ವೇಗಕ್ಕೆ ಕೊಟ್ಟ ಅಂಕ. ನೀರಿಗೆ ಅಲ್ಲಿ ಕಾಲಂ ಇಲ್ಲ. ಈ ದೇಶದಲ್ಲಿ ಐವತ್ತು ವರ್ಷಗಳ ಲೆಕ್ಕ ಹಿಡಿದರೆ, ಇಂಥ ಚಂಡಮಾರುತಗಳು ನೇರವಾಗಿ ಕೊಂದ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿ ಸತ್ತದ್ದು ನೀರಿಗೆ. ಗಾಳಿ ಸಮುದ್ರವನ್ನು ಒಟ್ಟಾಗಿ ನೂಕಿ ದಡ ಹತ್ತಿಸುತ್ತದೆ. ಅಲೆಯಾದರೆ ಬಂದು ಹಿಂದೆ ಹೋಗುತ್ತದೆ, ಇದು ಬಂದು ನಿಂತುಬಿಡುತ್ತದೆ. 'ಗಾಳಿಯಿಂದ ಅವಿತುಕೊಳ್ಳಿ, ನೀರಿನಿಂದ ಓಡಿ' ಅಂತ ಇಲ್ಲಿನವರು ವರ್ಷವರ್ಷವೂ ಹೇಳುತ್ತಾರೆ. ಜನ ಮೊದಲರ್ಧ ಕೇಳಿ ನನ್ನನ್ನು ಹುಡುಕಿಕೊಂಡು ಬರುತ್ತಾರೆ.

ಇಷ್ಟು ವರ್ಷದಲ್ಲಿ ತಾವು ಕಂಡ ಅತಿ ದೊಡ್ಡ ಸಾಹಸ ಯಾವುದು?

2017ರ ಇರ್ಮಾ. ಚಂಡಮಾರುತಕ್ಕೆ ಬಂದೂಕಿನಿಂದ ಗುಂಡು ಹೊಡೆಯೋಣ ಅಂತ ಫೇಸ್‌ಬುಕ್ಕಿನಲ್ಲಿ ಸಾವಿರಾರು ಜನ ಸೇರಿದರು. ತಮಾಷೆಯೇ ಇರಬಹುದು. ಆದರೂ ಪಾಸ್ಕೋ ಕೌಂಟಿಯ ಶೆರಿಫ್ ಕಚೇರಿ, ಹಾಗೆಲ್ಲ ಹೊಡೆಯಬೇಡಿ, ಅದು ಹಿಂದಿರುಗಿ ಹೋಗುವುದಿಲ್ಲ ಅಂತ ತಿಳಿವಳಿಕೆ ಹೇಳಬೇಕಾಯಿತು. ಅದೇ ಇರ್ಮಾ ಟ್ಯಾಂಪಾ ಕೊಲ್ಲಿಯ ನೀರನ್ನು ಹೊರಗೆಳೆದಾಗ ಜನ ನಾಯಿ ಹಿಡಿದುಕೊಂಡು ಕೊಲ್ಲಿಯ ತಳದಲ್ಲಿ ವಾಕಿಂಗ್ ಹೋದರು. ಎಳೆದವನು ಬಿಟ್ಟರೆ ಏನಾಗುತ್ತದೆ ಅಂತ ಒಬ್ಬರೂ ಕೇಳಲಿಲ್ಲ.

ನಾವು ಅಷ್ಟು ದಡ್ಡರಲ್ಲ. ಸ್ನಾನದ ತೊಟ್ಟಿ ತುಂಬಿಸಿದ್ದೇವೆ, ಜನರೇಟರ್ ಇದೆ...

ಎಲ್ಲಿಟ್ಟಿದ್ದೀರಿ?

ಗ್ಯಾರೇಜಿನಲ್ಲಿ.

ಒಳ್ಳೆಯದಾಯಿತು. ಗಾಳಿ ಬಿಟ್ಟದ್ದನ್ನು ಹೊಗೆ ಮುಗಿಸುತ್ತದೆ. ಅದನ್ನು ಹೊರಗೆ, ಮನೆಯಿಂದ ದೂರ ಇಡಬೇಕು ಸ್ವಾಮಿ. ಆ ವಿಷಕ್ಕೆ ವಾಸನೆಯೇ ಇಲ್ಲ. ಅಂದಹಾಗೆ, ಯಾರು ಮೊದಲು ಊರು ಬಿಡಬೇಕು ಅಂತ ಎ, ಬಿ, ಸಿ ಮಾಡಿದ್ದಾರಲ್ಲ, ಅದರಲ್ಲಿ ನಿಮ್ಮದು ಯಾವ ಜೋನ್?

ಎ.

(ಹಲಗೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.)

ನನ್ನನ್ನು ತಿರುಗಿಸಿ ನೋಡಿ.

ತಿರುಗಿಸಿದೆ. ಬೆನ್ನಿನ ಕಡೆ, ಬುಡದಿಂದ ಒಂದೂವರೆ ಗೇಣು ಮೇಲೆ, ಕಂದು ಗೆರೆ. ಕಾಫಿ ಲೋಟ ಇಟ್ಟ ಮೇಜಿನ ಮೇಲೆ ಉಳಿಯುವ ಬಣ್ಣ. ಗೆರೆಯ ಕೆಳಗೆ ಪದರಗಳು ಉಬ್ಬಿ ಪುಸ್ತಕದ ಹಾಳೆಗಳಂತೆ ಬಿಚ್ಚಿಕೊಂಡಿದ್ದವು. ಬೆರಳಿಟ್ಟರೆ ಉಪ್ಪು ಅಂಟಿತು.

ಇದು ಯಾವಾಗಿನದು?

ಹನ್ನೆರಡು ದಿನದ ಹಿಂದಿನದು, ಹೆಲೀನ್. ಅದು ದಡ ಹತ್ತಿದ್ದು ಎಲ್ಲೋ ಉತ್ತರದ ಪೆರಿಯ ಹತ್ತಿರ. ಇಲ್ಲಿಗೆ ಬರಲಿಲ್ಲ ಅಂತ ನೀವು ಸುಮ್ಮನಿದ್ದಿರಿ, ನನ್ನನ್ನು ಹೊರಗೂ ತೆಗೆಯಲಿಲ್ಲ. ನೀರು ಗ್ಯಾರೇಜಿನ ಬಾಗಿಲಡಿಯಿಂದ ಬಂತು, ನೆಂಟರ ಹಾಗೆ ಕೂತು ಹೋಯಿತು. ಬೀದಿ ಬದಿಯ ಸೋಫಾ, ಹಾಸಿಗೆಗಳ ರಾಶಿ ಇನ್ನೂ ಎತ್ತಿಲ್ಲ, ನೋಡಿ. ನಾಳೆ ರಾತ್ರಿ ಅವು ಗಾಳಿಯಲ್ಲಿ ಯಾರ ಮನೆಗೆ ಹೋಗುತ್ತವೋ!

ಆಗ ಟೇಲರ್ ಕೌಂಟಿಯ ಶೆರಿಫ್ ಕಚೇರಿ, ಊರು ಬಿಡದವರು ಹೆಸರು, ಹುಟ್ಟಿದ ದಿನವನ್ನು ಅಳಿಸದ ಮಾರ್ಕರಿನಲ್ಲಿ ತೋಳಿನ ಮೇಲೆ ಬರೆದುಕೊಳ್ಳಿ ಅಂದಿತ್ತು. ಅದನ್ನು ಕೇಳಿದ ಮೇಲೆ ನನಗೆ ನನ್ನ ಮೈಮೇಲಿನ ಬರಹ ಎಷ್ಟೋ ವಾಸಿ ಅನ್ನಿಸಿತು.

ಹಾಗಾದರೆ ನಿಮ್ಮನ್ನು ಹೊಡೆಯುವುದೇ ಬೇಡವೆ?

ಹೊಡೆಯಿರಿ, ಕಿಟಕಿ ಉಳಿದರೆ ಚಾವಣಿ ಉಳಿದೀತು. ಆದರೆ ನಾನಿದ್ದೇನೆ ಅಂತ ನೀವು ಒಳಗೆ ಕೂರಬೇಡಿ. ನಾನು ಗಾಳಿಗೆ ಮಾತ್ರ.

ಒಳಗೆ ಹೋಗಿ ಹೇಳಿದೆ. ನನ್ನ ಹೆಂಡತಿ ಬೆಳಿಗ್ಗೆಯೇ ಪಾಸ್‌ಪೋರ್ಟು, ಕುಕ್ಕರು, ಚಟ್ನಿಪುಡಿ ಡಬ್ಬಿಗಳನ್ನು ಕಾರಿಗೆ ಹಾಕಿಯಾಗಿತ್ತು. ಒಂದು ಹಲಗೆ ಹೇಳುವ ತನಕ ಕಾಯಬೇಕಿತ್ತೇ ಎಂದಳು. ಹೊರಬಂದು ಗಡಿಬಿಡಿಯಲ್ಲಿ ಸ್ಕ್ರೂ ಬಿಗಿದೆ.

ನಿಮ್ಮ ಮೇಲೆ ಮಿಲ್ಟನ್ ಹೆಸರು ಬರೆಯಲೇ?

ಬಂದು ಹೋದ ಮೇಲೆ ಬರೆಯಿರಿ. ಎಡಗಡೆ ಕೆಳಗೆ ಒಂದು ಸ್ಕ್ರೂ ಬಿಟ್ಟಿದ್ದೀರಿ.

ಕಾರಿನ ಹಾರ್ನ್ ಎರಡನೇ ಸಲ ಕೇಳಿಸಿತು. ಡ್ರಿಲ್ಲಿನ ಬ್ಯಾಟರಿ ಮುಗಿದಿತ್ತು.