ಫ್ಯಾಕಲ್ಟಿ ಕಾಕಾ

ಮಿರಗದ ಮಳೆ ಬೀಳುವ ಮೊದಲೇ ನಮ್ಮ ಕಡೆ ಒಬ್ಬರ ಓಡಾಟ ಶುರುವಾಗುತ್ತದೆ. ತೊಗರಿ ಬೀಜಕ್ಕಲ್ಲ, ಎಂಟೆಕ್ ಆದವರಿಗಾಗಿ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಯಾರ ಮಗ ಎಂಟೆಕ್ ಮುಗಿಸಿದ, ಯಾರ ಮನೆಗೆ ಎಂಟೆಕ್ ಸೊಸೆ ಬಂದಳು, ಯಾರ ಪಿಎಚ್‌ಡಿ ಯಾವ ಗೈಡಿನ ಟೇಬಲ್ಲಿನ ಮೇಲೆ ಧೂಳು ತಿನ್ನುತ್ತಿದೆ ಎಂಬುದೆಲ್ಲ ಇವರಿಗೆ ಬಾಯಿಪಾಠ. ವಿಸಿಟಿಂಗ್ ಕಾರ್ಡಿನಲ್ಲಿ ‘ಆಡಳಿತಾಧಿಕಾರಿ’, ಊರವರ ಬಾಯಲ್ಲಿ ಫ್ಯಾಕಲ್ಟಿ ಕಾಕಾ. ಯಾವ ಕಾಲೇಜಿನವರು ಎಂದು ಕೇಳಬೇಡಿ. ಬೆಳಗಾವಿಯಿಂದ ಬೀದರಿನವರೆಗೆ ಖಾಸಗಿ ಎಂಜಿನಿಯರಿಂಗ್ ಕಾಲೇಜು ಇರುವಲ್ಲೆಲ್ಲ ಇಂಥ ಕಾಕಾ ಒಬ್ಬರು ಇದ್ದೇ ಇರುತ್ತಾರೆ. ನಮ್ಮ ನಾಲ್ಕು ತಾಲೂಕು ಅವರೆಲ್ಲರ ಶಿಕಾರಿ ಜಾಗ, ಅಷ್ಟೇ.

ನಾನು ಬಲ್ಲ ಕಾಕಾ ಮೂಲತಃ ಹೈಸ್ಕೂಲಿನ ಗಣಿತದ ಮಾಸ್ತರು. ನಿವೃತ್ತಿಯಾಗಿ ಮನೆಯಲ್ಲಿ ಸೊಸೆಯ ಸಾರಿಗೆ ಹೆಸರಿಡುತ್ತ ಕೂತಿದ್ದವರನ್ನು ಚೇರ್ಮನ್ನರು ಬಂದು ಕರೆದೊಯ್ದರು. ಚೇರ್ಮನ್ನರು ಇವರ ಕೈಯಲ್ಲೇ ಗಣಿತ ಕಲಿತವರು. ಕಲಿತರೋ ಬರೇ ಪಾಸಾದರೋ ಎಂಬುದನ್ನು ಕಾಕಾ ಈಗ ಬಾಯಿ ಬಿಡುವುದಿಲ್ಲ. ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು, ಬಗಲಲ್ಲಿ ಪತ್ತಿನ ಸಹಕಾರಿ ಸಂಘದವರು ಪುಕ್ಕಟೆ ಹಂಚಿದ ಡೈರಿ. ಅವರ ಮೊಬೈಲಿನಲ್ಲಿ ಯಾರೂ ತಮ್ಮ ಸ್ವಂತ ಹೆಸರಿನಲ್ಲಿಲ್ಲ. ‘ಇಂಡಿ ಸಿವಿಲ್ ಲಿಂಬಿ’, ‘ಸಿಂದಗಿ ಇಸಿ ಹೊಳಿದಂಡಿ’, ‘ಮುದ್ದೇಬಿಹಾಳ ಮೆಕ್ಯಾನಿಕಲ್ ಸಿಟ್ಟು’, ‘ಬಾಗೇವಾಡಿ ಸಿಎಸ್ ಎರಡ ಸಲ ಓಡಿಹ್ವಾದಾಂವ’. ಒಮ್ಮೆ ಯಾವುದೋ ಸಮಾರಂಭದಲ್ಲಿ ಫೋಟೋ ತೋರಿಸಲೆಂದು ಈ ಫೋನನ್ನು ಪ್ರೊಜೆಕ್ಟರಿಗೆ ಜೋಡಿಸಿದರು. ಆಗಲೇ ಕರೆ ಬಂತು. ಸಭಾಗೃಹ ತುಂಬಿದ ಹುಡುಗರ ಎದುರಿಗೆ, ಆಳೆತ್ತರದ ಅಕ್ಷರದಲ್ಲಿ, ‘ಮುದ್ದೇಬಿಹಾಳ ಮೆಕ್ಯಾನಿಕಲ್ ಸಿಟ್ಟು’. ಆ ಸರ್‌ಗೆ ಅಂದಿನಿಂದ ಕಾಲೇಜಿನಲ್ಲಿ ಬೇರೆ ಹೆಸರಿಲ್ಲ.

ಕಾಕಾರ ಸಂಕಟವೂ ಗಣಿತದ್ದೇ. ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ಲೆಕ್ಕದಲ್ಲಿ 20 ವಿದ್ಯಾರ್ಥಿಗಳಿಗೆ ಒಬ್ಬ ಬೋಧಕ. ಮೊದಲು 15ಕ್ಕೆ ಒಬ್ಬರಿದ್ದದ್ದು 2018ರ ಸುಮಾರಿಗೆ ಸಡಿಲಾಯಿತು. ಅಂದು ಕಾಕಾ ಆಫೀಸಿನಲ್ಲಿ ಪೇಢೆ ಹಂಚಿದರಂತೆ. 60 ಸೀಟಿನ ಒಂದು ಬ್ರಾಂಚು ಹಿಡಿಯಿರಿ. ನಾಲ್ಕು ವರ್ಷ ಕೂಡಿ 240 ಹುಡುಗರು, 12 ಬೋಧಕರು. ಈ ಹನ್ನೆರಡರಲ್ಲಿ ಪ್ರೊಫೆಸರು, ಅಸೋಸಿಯೇಟ್, ಅಸಿಸ್ಟೆಂಟ್ ಎಂದು 1:2:6ರ ಪ್ರಮಾಣ ಬೇರೆ. ಭಾಗಾಕಾರ ಮಾಡಿದರೆ ಒಬ್ಬ ಪೂರ್ತಿ ಪ್ರೊಫೆಸರು, ಮೇಲೆ ಇನ್ನೊಬ್ಬರ ಮೂರನೇ ಒಂದು ಪಾಲು.

“ಇಡೀ ಮನಷ್ಯಾನ ಸಿಗವಲ್ಲ. ಈ ಮೂರನೇ ಒಂದ ಪಾಲು ಎಲ್ಲಿಂದ ತರ್ಲಿ?”

ಮೇಲಿನ ಎರಡು ಹುದ್ದೆಗೆ ಪಿಎಚ್‌ಡಿ ಬೇಕು. ಹೊಸ ಡಾಕ್ಟರುಗಳು ಬೆಂಗಳೂರು ಬಿಟ್ಟು ಬರುವುದಿಲ್ಲ. ಹಾಗಾಗಿ ಕಾಕಾ ಹಳೆಯ ಬೇರುಗಳನ್ನು ಹುಡುಕುತ್ತಾರೆ. ಹುಬ್ಬಳ್ಳಿಯ ಬಿವಿಬಿ 1947ರದು, ಕಲಬುರಗಿಯ ಪಿಡಿಎ 1958ರದು, ಬಾಗಲಕೋಟೆಯ ಬಸವೇಶ್ವರ 1963ರದು, ವಿಜಯಪುರದ ಹಳಕಟ್ಟಿ ಕಾಲೇಜು 1980ರದು. ಅಲ್ಲೆಲ್ಲ ಪಾಠ ಹೇಳಿ ನಿವೃತ್ತರಾಗಿ ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲೋ ಬಾಗಲಕೋಟೆಯ ನವನಗರದಲ್ಲೋ ಮನೆ ಕಟ್ಟಿಕೊಂಡವರ ಬಾಗಿಲಿಗೆ ಕಾಕಾ ಬೇಸಿಗೆಯಲ್ಲಿ ಹಣ್ಣಿನ ಚೀಲ ಹಿಡಿದು ಹೋಗುತ್ತಾರೆ. “ಸರ್, ಬಿಪಿ ಹೆಂಗದರಿ?” ಸ್ವಂತ ಮಕ್ಕಳೂ ಇಷ್ಟು ಕಾಳಜಿಯಿಂದ ಕೇಳಿರುವುದಿಲ್ಲ. ಆ ಬಿಪಿ ಏರಿದರೆ ಬ್ರಾಂಚಿನ ಮಾನ್ಯತೆ ಇಳಿಯುತ್ತದಲ್ಲ.

ಸಂದರ್ಶನದ ದಿನ ನೋಡಬೇಕು. ಜಾಹೀರಾತಿನಲ್ಲಿ ‘ವೇತನ: ಎಐಸಿಟಿಇ ಶ್ರೇಣಿಯಂತೆ’ ಎಂದಿರುತ್ತದೆ. ಏಳನೇ ವೇತನ ಆಯೋಗದ ಪ್ರಕಾರ ಅಸಿಸ್ಟೆಂಟ್ ಪ್ರೊಫೆಸರರ ಮೂಲವೇತನ 57,700 ರೂಪಾಯಿಯಿಂದ ಶುರು. ಅದನ್ನು ಓದಿಕೊಂಡು ಬಂದ ಹುಡುಗನೊಬ್ಬ ಆ ಸಂಖ್ಯೆಯನ್ನು ಬಾಯಿಬಿಟ್ಟು ಹೇಳಿಬಿಟ್ಟ. ಚೇರ್ಮನ್ನರು ಫ್ಯಾನಿನ ಕಡೆ ನೋಡಿದರು. ಹೊರಗಿನಿಂದ ಬಂದ ತಜ್ಞರು ಬಿಸ್ಕೀಟು ಎತ್ತಿಕೊಂಡರು. ಕಾಕಾ ಮುಂದೆ ಬಾಗಿ, “ತಮ್ಮಾ, ಅದು ಶ್ರೇಣಿ. ಪಗಾರ ಬ್ಯಾರೆ,” ಎಂದರು.

ತಜ್ಞರು ಫೂರಿಯರ್, ಬರ್ನೌಲಿ ಎಂದು ಏನೇನೋ ಕೇಳುತ್ತಾರೆ. ಕಾಕಾರ ಪ್ರಶ್ನೆಗಳೇ ಬೇರೆ.

“ಯಾವೂರು?”

“ಇಂಡಿ ಹತ್ರರಿ.”

“ಹೊಲ?”

“ಆರ ಎಕರೆರಿ. ಲಿಂಬಿ ಅದ.”

ಡೈರಿಯಲ್ಲಿ ರೈಟ್ ಗುರುತು ಬಿತ್ತು. ಇಂಡಿ ಲಿಂಬೆಗೆ ಜಿಐ ಮಾನ್ಯತೆ ಸಿಕ್ಕ ಮೇಲೆ ಆ ತೋಟ ಬಿಟ್ಟು ಬೆಂಗಳೂರಿಗೆ ಓಡುವ ಮಗ ಇರಲಾರ ಎಂದು ಕಾಕಾರ ಸಿದ್ಧಾಂತ. ನನಗೆ ಮೊದಲು ನಗು ಬಂದಿತ್ತು. ಆಮೇಲೆ ಯೋಚಿಸಿದರೆ ಈ ಮುದುಕ ಕೇಳುತ್ತಿರುವುದು ಯಾವ ಅರ್ಜಿ ನಮೂನೆಯಲ್ಲೂ ಇಲ್ಲದ, ಆದರೆ ಹುಡುಗರಿಗೆ ಬಹಳ ಬೇಕಾದ ಪ್ರಶ್ನೆ: ನೀನು ಸೆಮಿಸ್ಟರ್ ಮುಗಿಯುವ ತನಕ ಇರುತ್ತೀಯೋ ಇಲ್ಲವೋ? ಚಿನ್ನದ ಪದಕದವರು ದೀಪಾವಳಿಗೆ ಊರಿಗೆಂದು ಹೋಗಿ, ಅಲ್ಲಿಂದ ವಾಟ್ಸಾಪಿನಲ್ಲೇ ರಾಜೀನಾಮೆ ಕೊಟ್ಟ ದುಃಖ ಆ ಡೈರಿಯಲ್ಲಿ ಪುಟಗಟ್ಟಲೆ ಇದೆ.

ಸಿಂದಗಿಯವರ ಬಗ್ಗೆ ಕಾಕಾರಿಗೆ ಬೇರೆ ತೆರನ ಕನಿಕರ. ಭೀಮಾ ನದಿಯ ಆಚೆ ದಂಡೆ ಕಲ್ಯಾಣ ಕರ್ನಾಟಕದ ಕಲಬುರಗಿ ಜಿಲ್ಲೆ. ಅಲ್ಲಿ ಹುಟ್ಟಿದವರಿಗೆ ನೌಕರಿಯಲ್ಲಿ ಸಂವಿಧಾನದ 371ಜೆ ವಿಧಿಯ ಮೀಸಲಾತಿ. ಈಚೆ ದಂಡೆಯವರಿಗೆ ಇಲ್ಲ. ಆದರೆ ನಮ್ಮ ಜಿಲ್ಲೆಯಲ್ಲಿ ಓಡುವ ಸರ್ಕಾರಿ ಬಸ್ಸಿನ ಮೈಮೇಲೆ ಮಾತ್ರ ‘ಕಲ್ಯಾಣ ಕರ್ನಾಟಕ’ ಎಂದೇ ಬರೆದಿರುತ್ತದೆ. “ನಮಗ ಬಸ್ಸಷ್ಟ ಕೊಟ್ರು, ನೌಕರಿ ಆಕಡೆದವರಿಗೆ ಕೊಟ್ರು,” ಎಂದು ಸಿಂದಗಿ ಹುಡುಗ ಗೊಣಗಿದರೆ ಕಾಕಾ ಸಮಾಧಾನ ಹೇಳಿ, ಅದೇ ಬಸ್ಸಿನ ವೇಳಾಪಟ್ಟಿ ಕೈಗಿಡುತ್ತಾರೆ. ಮುದ್ದೇಬಿಹಾಳದವರಿಗೆ ಮೊದಲ ಪಿರಿಯಡ್ ಕೊಡುವುದೇ ಇಲ್ಲ. ಬಸ್ಸು ತಪ್ಪುವುದನ್ನು ಟೈಮ್‌ಟೇಬಲ್ಲಿನಲ್ಲೇ ಸೇರಿಸಿದ್ದಾರೆ.

ಕಾಕಾರ ನಿಜವಾದ ಗಣಿ ಸೊಸೆಯಂದಿರು. ಓದುವಾಗ ರ‍್ಯಾಂಕು ಗೀಂಕು ಎಂದು ಮೆರೆದ ಹುಡುಗಿಯರು ಮದುವೆಯಾಗಿ ಈ ಊರುಗಳಿಗೆ ಬಂದು, ಎಂಟೆಕ್ ಸರ್ಟಿಫಿಕೇಟನ್ನು ಪತ್ತಲದ ಕೆಳಗಿಟ್ಟು ಟ್ರಂಕಿನ ಮುಚ್ಚಳ ಹಾಕಿರುತ್ತಾರೆ. ಕನ್ಯಾ ಹುಡುಕುವ ಮಧ್ಯಸ್ಥನ ಹಾಗೆ ಕಾಕಾ ಆ ಮನೆಗಳ ಕಟ್ಟೆ ಹತ್ತುತ್ತಾರೆ. ಬಸವನ ಬಾಗೇವಾಡಿಯ ಒಂದು ಮನೆಗೆ ನಾನೂ ಜೊತೆಗೆ ಹೋಗಿದ್ದೆ. ಅತ್ತೆ ಪಡಸಾಲೆಯಲ್ಲಿ ಮೊರದ ತುಂಬ ಜೋಳ ಇಟ್ಟುಕೊಂಡು ಹಸನು ಮಾಡುತ್ತಿದ್ದರು.

“ಅವ್ವಾರ, ನಿಮ್ಮ ಸೊಸಿ ಎಂಟೆಕ್ ಆಗ್ಯಾಳಲ್ರಿ?”

“ಆಗ್ಯಾಳರಿ. ರೊಟ್ಟಿ ಬರಂಗಿಲ್ಲ.”

“ಕಾಲೇಜಿಗೆ ಎಲ್‌ಐಸಿ ಬರಲಿಕ್ಕತ್ತದರಿ...”

“ನಮಗ ಪಾಲಿಸಿ ಬ್ಯಾಡ್ರಿ. ಹಿಂದಿನದರ ಕಂತ ಇನ್ನಾ ಕಟ್ಟಿಲ್ಲ.”

ವಿಶ್ವವಿದ್ಯಾಲಯದ ತಪಾಸಣಾ ಸಮಿತಿಗೂ ಅದೇ ಮೂರು ಅಕ್ಷರ ಎಂದು ತಿಳಿಹೇಳುವಷ್ಟರಲ್ಲಿ ಚಹಾ ಎರಡು ಸುತ್ತಾಯಿತು, ಸುಸಲಾ ಒಂದು ಸುತ್ತಾಯಿತು. ಕಾಕಾ ಕೊನೆಯ ಅಸ್ತ್ರ ತೆಗೆದರು. “ಬಸವಣ್ಣ ಹುಟ್ಟಿದ ಊರವರು ನೀವು. ಕಾಯಕ ಮನೀ ಬಾಗಲಿಗೆ ಬಂದಾಗ ಬ್ಯಾಡ ಅನಬಾರದ್ರಿ.”

ಅತ್ತೆ ಮೊರ ಕೆಳಗಿಟ್ಟರು. “ಕಾಯಕ ಖರೇರಿ. ಪಗಾರ ಯಾವ ತಾರೀಖಿಗೆ ಆಗ್ತದ?”

ಕಾಕಾ ಸುಸಲಾದಲ್ಲಿದ್ದ ಮೆಣಸಿನಕಾಯಿ ಕಡಿದವರಂತೆ ಕೆಮ್ಮಿದರು. ಅಷ್ಟರಲ್ಲಿ ಸೊಸೆ ಅಡುಗೆಮನೆಯಿಂದ ಹೊರಬಂದು ಬಾಗಿಲ ಚೌಕಟ್ಟಿಗೆ ಕೈಯಿಟ್ಟು ನಿಂತಳು. ಬೆರಳಿಗೆಲ್ಲ ಹಿಟ್ಟು.

“ಸರ್, ಯಾವ ಸಬ್ಜೆಕ್ಟ್ ಕೊಡ್ತೀರಿ? ಲ್ಯಾಬಿನಾಗ ಎಷ್ಟು ಕಿಟ್ ನಡೀತಾವ?”

ಕಾಕಾ ಡೈರಿ ತಿರುವಿದರು. ಅದರಲ್ಲಿ ಆಕೆಯ ಮಾವನ ಹೊಲದ ಸರ್ವೆ ನಂಬರು ಇತ್ತು, ಗಂಡನ ಅಂಗಡಿಯ ವಿಳಾಸ ಇತ್ತು, ತವರಿನ ಒಳಪಂಗಡವೂ ಇತ್ತು. ಸಬ್ಜೆಕ್ಟಿನ ಕಾಲಮ್ಮೇ ಇರಲಿಲ್ಲ. ಸಂದರ್ಶನದಲ್ಲಿ ಚೇರ್ಮನ್ನರು ಕೇಳದ, ತಜ್ಞರು ಕೇಳದ, ಅಭ್ಯರ್ಥಿಗಳೂ ಕೇಳದ ಪ್ರಶ್ನೆ ಅದು. “ನೀವ ಬಂದು ಎಣಿಸ್ರೆವ್ವಾ,” ಎಂದರು ಕಾಕಾ, ಮೊದಲ ಸಲ ತಮ್ಮ ಸ್ವಂತ ದನಿಯಲ್ಲಿ. ಆಕೆ ಬಂದಳು, ಎಣಿಸಿದಳು, ಅರ್ಧಕ್ಕರ್ಧ ಕೆಟ್ಟಿವೆ ಎಂದು ಬರೆದು ಕೊಟ್ಟಳು. ಈಗ ಆ ಲ್ಯಾಬಿಗೆ ಹುಡುಗರು ಕರೆಯದೆ ಬರುತ್ತಾರೆ. ಪಕ್ಕದ ಕೋಣೆಯಲ್ಲಿ, ಮೊನ್ನೆಮೊನ್ನೆಯವರೆಗೆ ಕಾಂಕ್ರೀಟಿಗೆ ನೀರು ಹೊಡೆಯುವುದನ್ನು ಕಲಿಸುತ್ತಿದ್ದ ಸಿವಿಲ್ ಸರ್, ಸಿಎಸ್‌ನವರು ಸಿಗದ ಕಾರಣ, ಪೈಥಾನ್ ಕಲಿಸುತ್ತಿರುತ್ತಾರೆ.

2024ರಲ್ಲಿ ತಮಿಳುನಾಡಿನಿಂದ ಸುದ್ದಿ ಬಂತು: ಅಣ್ಣಾ ವಿಶ್ವವಿದ್ಯಾಲಯದ ಅಧೀನದ ಕಾಲೇಜುಗಳಲ್ಲಿ ಒಬ್ಬನೇ ಅಧ್ಯಾಪಕನ ಹೆಸರು ಏಕಕಾಲಕ್ಕೆ ಹಲವು ಕಾಲೇಜುಗಳ ಪಟ್ಟಿಯಲ್ಲಿ! ಕಾಕಾ ಪೇಪರನ್ನು ಎರಡು ಸಲ ಓದಿ, “ನಾವು ಒಬ್ಬಾಂವನ್ನ ತರಾಕ ಇಷ್ಟ ಒದ್ದಾಡ್ತೀವಿ, ಅವರು ಒಬ್ಬಾಂವನ್ನ ಹತ್ತ ಕಡೆ ಕೂಡಿಸ್ಯಾರ,” ಎಂದರು. ದನಿಯಲ್ಲಿ ಖಂಡನೆ ಎಷ್ಟಿತ್ತು, ಮೆಚ್ಚುಗೆ ಎಷ್ಟಿತ್ತು ಹೇಳಲಾರೆ. ತಮ್ಮ ಪಟ್ಟಿಯಲ್ಲಿರುವವರೆಲ್ಲ ಜೀವಂತ ಇದ್ದಾರೆ, ಉಣ್ಣುತ್ತಾರೆ ಎಂಬ ಹೆಮ್ಮೆ ಅವರಿಗೆ. ಆದರೆ ಅದರಲ್ಲಿ ಕೆಲವರು ತಪಾಸಣೆಯ ದಿನ ರೇಷ್ಮೆ ಸೀರೆಯುಟ್ಟು ಬಂದು, ಊಟ ಮಾಡಿ, ಸಂಜೆ ಬಸ್ಸಿಗೆ ಹೋಗುವವರೂ ಇದ್ದಾರೆ. ಇದು ತಮಾಷೆಯಲ್ಲ, ಫೀಸು ಕಟ್ಟಿದ ಹುಡುಗರಿಗೆ ಮಾಡುವ ಮೋಸ. ಹಾಗೆಂದು ಕಾಕಾರಿಗೆ ಹೇಳಿದರೆ, “ಪಗಾರ ಕೊಡಾಂವ ನಾ ಅಲ್ಲೋ,” ಎನ್ನುತ್ತಾರೆ. ಅದೂ ಸುಳ್ಳಲ್ಲ.

ನಿಮ್ಮ ಮನೆಯಲ್ಲಿ ಎಂಟೆಕ್ ಆದವರಿದ್ದರೆ ಈ ಬೇಸಿಗೆಯಲ್ಲಿ ಕಾಕಾ ಬಂದೇ ಬರುತ್ತಾರೆ. ಒಳಗೆ ಕರೆಯಿರಿ, ಚಹಾ ಕೊಡಿ, ಮನುಷ್ಯ ಕೆಟ್ಟವರಲ್ಲ. ಯಾವ ಸಬ್ಜೆಕ್ಟು, ಎಷ್ಟು ಪಗಾರ, ಯಾವ ತಾರೀಖಿಗೆ ಎಂಬುದನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೇಳಿದರೆ ಜೆರಾಕ್ಸ್ ಕೊಡಿ.